ಮೂರು ವರ್ಷ ಬಿಚ್ಚಿ ಕಟ್ಟಿದ ಗಂಟು

ಎತ್ತರದ ಕಟ್ಟಡದ ಹೊರಗೋಡೆಗೆ ಹಗ್ಗದಲ್ಲಿ ನೇತಾಡುತ್ತ ಬಣ್ಣ ಬಳಿಯುವವನಿಗೆ ಜನ ಹಲ್ಲಿ ಎಂದಲ್ಲದೆ ನವಿಲು ಎಂದು ಹೆಸರಿಡುತ್ತಾರೆಯೇ? ಕೆಲಸದ ಜಾಗದಲ್ಲಿ ಎಲ್ಲರ ಬಾಯಲ್ಲೂ ಅವನು ಹಲ್ಲಿಯಣ್ಣ. ಐವತ್ತೆರಡು ವರ್ಷ, ಮೂಳೆಗೆ ಅಂಟಿದ ತೊಗಲು, ಕಿವಿಯ ಹಿಂದೆ ಸದಾ ಯಾವುದೋ ಗೋಡೆಯ ಬಣ್ಣದ ಚುಕ್ಕೆ. ಹೆಂಡತಿ ತೀರಿಕೊಂಡು ಆರು ವರ್ಷ ಕಳೆದಿತ್ತು. ತಮ್ಮನ ಮನೆಯ ಮಹಡಿಯ ಮೇಲಿನ ಕೋಣೆಯಲ್ಲಿ ಮಲಗುತ್ತಿದ್ದ, ಕೆಳಗಿಳಿದು ಬಂದು ಉಣ್ಣುತ್ತಿದ್ದ.

ತಮ್ಮನಿಗೆ ಗೂಟ ಎಂದು ಹೆಸರು. ಅಣ್ಣ ಗೋಡೆಗೆ ನೇತಾಡಿದರೆ ತಮ್ಮ ತಾರಸಿಯ ಮೇಲೆ ಹಗ್ಗ ಕಟ್ಟಿ ಕಾವಲು ನಿಲ್ಲುವವನು. ಹಗ್ಗ ಎರಡಿರುತ್ತವೆ. ಒಂದು ಕೂರುವ ಹಲಗೆಯನ್ನು ಹೊರುವುದು, ಇನ್ನೊಂದು ಸೊಂಟದ ಪಟ್ಟಿಗೆ ಹೋಗುವುದು, ಅದು ಜೀವದ ಹಗ್ಗ. ಎರಡನ್ನೂ ಬೇರೆ ಬೇರೆ ಕಂಬಕ್ಕೆ ಕಟ್ಟಬೇಕು, ಹಗ್ಗ ಸವೆಯದಂತೆ ತಾರಸಿಯ ಅಂಚಿಗೆ ಗೋಣಿ ಹಾಸಬೇಕು, ಗಂಟಿನ ಬಾಲ ಮೊಳದುದ್ದ ಉಳಿಸಬೇಕು. ಈ ಕಸುಬು ಇವರಿಗೆ ಅಪ್ಪನಿಂದ ಬಂದದ್ದು. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಒಂದು ಮಾತನ್ನು ಕಲ್ಲಿನಲ್ಲಿ ಕೊರೆದಂತೆ ಇಬ್ಬರ ತಲೆಯಲ್ಲೂ ಕೊರೆದಿದ್ದ. ನೇತಾಡುವವನ ಕೈ ಗಂಟಿಗೆ ಹೋಗಬಾರದು. ಒಂದು ಗಂಟಿಗೆ ಇಬ್ಬರ ಕೈ ಬಿದ್ದರೆ ಅವನು ಬಿಗಿದಾನು ಎಂದು ಇವನು ಬಿಡುತ್ತಾನೆ, ಇವನು ಬಿಗಿದಾನು ಎಂದು ಅವನು ಬಿಡುತ್ತಾನೆ. ಕಟ್ಟಿದವನದೇ ಗಂಟು, ಅವನದೇ ಹೊಣೆ. ನೇತಾಡುವವನು ಹೋಗಿ ಗಂಟು ಮುಟ್ಟಿ ನೋಡಿದರೆ, ಕಟ್ಟಿದವನ ಕೆನ್ನೆಗೆ ನಾಲ್ಕು ಜನರೆದುರು ಬಾರಿಸಿದ ಹಾಗೆ.

ಇಂಥ ಮಾತನ್ನು ಹಲ್ಲಿ ಮೂರು ವರ್ಷ ದಿನಾ ಬೆಳಿಗ್ಗೆ ಮುರಿಯುತ್ತ ಬಂದ.

ಮೊದಲ ಸಲ ಅದು ತಾನಾಗಿ ಕಣ್ಣಿಗೆ ಬಿತ್ತು. ಹನ್ನೊಂದು ಮಹಡಿಯ ಒಂದು ಕಚೇರಿ ಕಟ್ಟಡ. ಹಲಗೆಯ ಮೇಲೆ ಕೂರಲು ಕಾಲು ಹೊರಗೆ ಹಾಕಬೇಕು, ಅಷ್ಟರಲ್ಲಿ ಕಂಬದ ಬುಡದತ್ತ ನೋಡಿದ. ಗಂಟಿಗೆ ಕೊನೆಯ ಸುತ್ತೇ ಇಲ್ಲ. ಬಾಲ ಬೆರಳುದ್ದವೂ ಇಲ್ಲ. ಕೂತಿದ್ದರೆ ಹನ್ನೊಂದು ಮಹಡಿಯನ್ನು ಬಣ್ಣ ಹಚ್ಚದೆಯೇ ಇಳಿದುಬಿಡುತ್ತಿದ್ದ. ತಮ್ಮನನ್ನು ಹುಡುಕಿದರೆ ಅವನು ನೀರಿನ ಟ್ಯಾಂಕಿನ ಹಿಂದೆ. ಅಲ್ಲಿಂದ ಒದ್ದೆ ಹುಲ್ಲು ಸುಟ್ಟಂಥ ವಾಸನೆ ಬರುತ್ತಿತ್ತು. ಹಲ್ಲಿ ಸುತ್ತ ನೋಡಿದ, ಯಾರೂ ಇರಲಿಲ್ಲ. ಗಂಟು ಬಿಚ್ಚಿದ, ಸರಿಯಾಗಿ ಕಟ್ಟಿದ, ಏನೂ ಆಗದವನಂತೆ ಬಂದು ನಿಂತ. ಗೂಟ ಟ್ಯಾಂಕಿನ ಹಿಂದಿನಿಂದ ಬಂದು, ಕೆಂಪು ಕಣ್ಣಿನಲ್ಲಿ ನಗುತ್ತ, ಇಳಿ ಎಂದ. ಹಲ್ಲಿ ಇಳಿದ.

ಮರುದಿನ ಗಂಟು ಸರಿಯಾಗಿತ್ತು. ಅದರ ಮರುದಿನ ಮತ್ತೆ ಸಡಿಲ. ಆಮೇಲೆ ಅದೊಂದು ದಿನಚರಿಯೇ ಆಯಿತು. ಗೂಟ ಹಗ್ಗ ಕಟ್ಟಿ ಟ್ಯಾಂಕಿನ ಹಿಂದೆ ಹೋಗುವುದು, ಹಲ್ಲಿ ಕಳ್ಳನ ಹಾಗೆ ಬಿಚ್ಚಿ ಕಟ್ಟುವುದು.

ಯಾಕೆ ಬಾಯಿ ಬಿಡಲಿಲ್ಲ? ಗೂಟನ ಗಂಟು ಸಡಿಲ ಎಂಬ ಮಾತು ಒಮ್ಮೆ ಹೊರಬಿದ್ದರೆ ಅವನ ಹಗ್ಗಕ್ಕೆ ನಾಯಿಯೂ ನೇತಾಡುವುದಿಲ್ಲ. ಮನೆತನದ ಮಾನವೆಲ್ಲ ಆ ಗಂಟಿನಲ್ಲೇ ಇತ್ತು. ಜೊತೆಗೆ ಹಲ್ಲಿ ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಇನ್ನೊಂದು ಮಾತಿತ್ತು. ಗಾಂಜಾ ಸೊಪ್ಪು ತಾನೆ, ಹೆಂಡವಲ್ಲವಲ್ಲ. ಹೆಂಡಕ್ಕೆ ಬಿದ್ದವರನ್ನು ಅವನು ಕಣ್ಣಾರೆ ಕಂಡಿದ್ದ. ಅವರು ಚರಂಡಿಗೆ ಬೀಳುತ್ತಾರೆ, ಹೆಂಡತಿಗೆ ಬಡಿಯುತ್ತಾರೆ, ಬೀದಿಯಲ್ಲಿ ಕಿರುಚುತ್ತಾರೆ. ಗೂಟ ಇದ್ಯಾವುದನ್ನೂ ಮಾಡಲಿಲ್ಲ. ಮಾತು ಕಡಿಮೆಯಾಯಿತು, ಬುತ್ತಿ ಡಬ್ಬಿಯನ್ನು ವಾರಕ್ಕೆ ಮೂರು ಸಲ ಮರೆತ, ನಗೆ ಮಾತು ಹೇಳಿದರೆ ನಾಲ್ಕು ಉಸಿರಾದ ಮೇಲೆ ನಕ್ಕ. ಅದೇನು ದೊಡ್ಡ ರೋಗ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎನ್ನುತ್ತಾರೆ. ಇಲ್ಲಿ ಹಾಲು ಕುಡಿದದ್ದು ತಮ್ಮ, ಕಣ್ಣು ಮುಚ್ಚಿಕೊಂಡದ್ದು ಅಣ್ಣ.

ಕಣ್ಣು ಮುಚ್ಚದೆ ಇದ್ದವಳು ಗೂಟನ ಹೆಂಡತಿ ಒಬ್ಬಳೇ. ಅವಳು ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ಒಂದು ರಜೆಯ ದಿನ ಬೆಳಿಗ್ಗೆ ಗೂಟ ಹೊರಗೆ ಹೋಗಿದ್ದಾಗ, ಹಲ್ಲಿ ಮೆಟ್ಟಿಲ ಮೇಲೆ ಕೂತು ಬ್ರಷ್ಷಿನ ಕೂದಲು ಬಿಡಿಸುತ್ತಿದ್ದರೆ, ಅವಳು ಬಂದು ಎದುರು ನಿಂತಳು.

"ಭಾವ, ನಿಮ್ಮ ತಮ್ಮನಿಗೆ ಅದು ಕಾಯಿಲೆ ಆಗಿಹೋಗಿದೆ."

"ಯಾವುದು?"

"ಯಾವುದು ಅಂತ ಕೇಳ್ತೀರಲ್ಲ, ನಿಮ್ಮ ಮೂಗೇನು ಬಿದ್ದುಹೋಗಿದೆಯಾ?"

ಹಲ್ಲಿ ಬ್ರಷ್ಷಿನಿಂದ ತಲೆ ಎತ್ತಲಿಲ್ಲ. ಅವಳು ಬಿಡಲಿಲ್ಲ.

"ಮುಂಚೆ ರಜಾ ದಿನ ಮಾತ್ರ ಸೇದ್ತಿದ್ರು. ಆಮೇಲೆ ದಿನಾ ಸಂಜೆ. ಈಗ ಮುಖ ತೊಳೆಯೋಕೂ ಮುಂಚೆ ಬೇಕು. ಆಗ ಒಂದಕ್ಕೆ ತೃಪ್ತಿ ಆಗ್ತಿತ್ತು, ಈಗ ನಾಲ್ಕಾದ್ರೂ ಸಾಲಲ್ಲ. ಸಿಗದ ದಿನ ಮುಟ್ಟಿದ್ರೆ ಮುನಿ ಅನ್ನೋ ಹಾಗೆ, ಗಾಳಿ ಬೀಸಿದ್ರೂ ಸಿಟ್ಟು. ಎರಡು ಸಲ ಬಿಟ್ಟೆ ಅಂತ ಪೊಟ್ಟಣ ಕಸದ ಬುಟ್ಟಿಗೆ ಎಸೆದ್ರು. ಸಂಜೆ ಬಂದು ಅದೇ ಬುಟ್ಟಿ ಕೋಳಿ ಕೆದಕಿದ ಹಾಗೆ ಕೆದಕಿದ್ರು. ನಾನು ನೋಡಿದ್ದು ಅವರಿಗೆ ಗೊತ್ತಿಲ್ಲ."

"ಗಾಂಜಾಕ್ಕೆ ಯಾರೂ ದಾಸರಾಗಲ್ಲ ಬಿಡು. ಮನಸ್ಸು ಮಾಡಿದ್ರೆ ನಾಳೇನೇ ಬಿಡ್ತಾನೆ."

"ಹಾಗಂತ ಅವರೂ ಹೇಳ್ತಾರೆ. ನಾಲ್ಕು ವರ್ಷದಿಂದ ಆ ನಾಳೆ ಬಂದಿಲ್ಲ. ಭಾವ, ನಮ್ಮಾಸ್ಪತ್ರೆ ಮೂರನೇ ಮಹಡೀಲಿ ಚಟ ಬಿಡಿಸೋ ವಿಭಾಗ ಇದೆ. ಬರೀ ಕುಡುಕರಿಗೆ ಅಂದ್ಕೊಂಡಿದ್ದೆ. ಅಲ್ಲಿನ ನರ್ಸಮ್ಮನ್ನ ಕೇಳಿದೆ, ಇದಕ್ಕೂ ಬರ್ತಾರಂತೆ. ಪೊಲೀಸ್ ಕಾಟ ಇಲ್ಲ, ಏನೂ ಇಲ್ಲ. ನಿಮ್ಮ ಮಾತಾದ್ರೆ ಕೇಳ್ತಾರೆ. ಒಂದು ಸಲ ಕರ್ಕೊಂಡು ಬನ್ನಿ."

ಸತ್ಯವನ್ನು ಎದುರಿಗೆ ತಂದಿಟ್ಟವರ ಮೇಲೆ ಬರುವ ಸಿಟ್ಟು ಬೇರೆ ಜಾತಿಯದು. ಹಲ್ಲಿ ಬಾಯಿಗೆ ಬಂದದ್ದನ್ನು ಆಡಿದ.

"ನಿನ್ನ ಕೈಯಡುಗೆ ತಡೆಯಲಾರದೆ ಸೇದ್ತಿರಬಹುದು."

"ಅದೇ ಅಡುಗೆ ನೀವೂ ತಿಂತೀರಲ್ಲ, ನೀವ್ಯಾಕೆ ಸೇದಲ್ಲ?" ಎಂದು ಅವಳು ಒಳಗೆ ಹೋದಳು.

ಹಲ್ಲಿ, ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬಂತೆ, ಚೆನ್ನಾಗಿದ್ದ ಬ್ರಷ್ಷಿನ ಕೂದಲನ್ನು ಹಿಡಿಹಿಡಿಯಾಗಿ ಕಿತ್ತು ಹಾಕಿದ.

ಇದಾಗಿ ಎರಡು ತಿಂಗಳಿಗೆ ಹಲ್ಲಿಗೆ ದವಡೆಯ ಹಲ್ಲಿನ ನೋವು ಎದ್ದಿತು. ಕಿವಿ, ಕತ್ತು, ನೆತ್ತಿ ಎಲ್ಲ ಒಂದೇ ಸಮನೆ ಸಿಡಿಯುತ್ತಿತ್ತು. ಬೆಳಿಗ್ಗೆ ಮೇಸ್ತ್ರಿಗೆ ಫೋನಿನಲ್ಲಿ ರಜೆ ಹೇಳಿ ಹಲ್ಲು ಕೀಳಿಸಲು ಹೋದ. ಆ ದಿನ ಅವನ ಹಲಗೆಯ ಮೇಲೆ ಉದ್ದಣ್ಣ ಎಂಬ ಇನ್ನೊಬ್ಬ ಬಣ್ಣದವನು ಕೂತ. ಅವನಿಗೇನು ಗೊತ್ತು? ಗೂಟ ಕಟ್ಟಿದ ಗಂಟು ಎಂದರೆ ಕಣ್ಣು ಮುಚ್ಚಿ ಕೂರಬಹುದು ಎಂದು ಊರೆಲ್ಲ ನಂಬಿತ್ತು.

ಅವನು ಒಂಬತ್ತನೇ ಮಹಡಿಯ ಮಟ್ಟದಲ್ಲಿದ್ದಾಗ ಹಲಗೆಯ ಗಂಟು ಬಿಚ್ಚಿಕೊಂಡಿತು. ಜೀವದ ಹಗ್ಗದ್ದೂ ಜಾರಿತು, ಆದರೆ ಬಾಲದ ತುದಿ ಸುತ್ತಿನೊಳಗೆ ಸಿಕ್ಕಿಕೊಂಡು ನಿಂತಿತು. ಉದ್ದಣ್ಣ ಎರಡು ಮಹಡಿ ಕೆಳಗೆ ಕಿಟಕಿಯ ಮೇಲಿನ ಸಜ್ಜಕ್ಕೆ ಬಡಿದು, ಭುಜದ ಕೀಲು ತಪ್ಪಿ, ಮಂಡಿಯ ಚಿಪ್ಪು ಒಡೆದುಕೊಂಡು, ಕಾಲು ಗಂಟೆ ಚೀಲದ ಹಾಗೆ ನೇತಾಡಿದ. ಬಣ್ಣದ ಡಬ್ಬಿ ಮಾತ್ರ ಪೂರ್ತಿ ಕೆಳಗೆ ಬಿತ್ತು. ಅಲ್ಲಿ ಆ ಹೊತ್ತಿಗೆ ಯಾರೂ ನಿಂತಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ತಾರಸಿಯ ಮೇಲೆ ವಿಚಾರಣೆ. ಮೇಸ್ತ್ರಿ, ಆರೇಳು ಕೆಲಸದವರು, ಕೆನ್ನೆ ಊದಿಸಿಕೊಂಡು ಬಾಯಲ್ಲಿ ಹತ್ತಿ ಕಚ್ಚಿಕೊಂಡ ಹಲ್ಲಿ. ಹಗ್ಗ ಹಳತಿತ್ತು ಎಂದ ಒಬ್ಬ. ರಾತ್ರಿಯ ಇಬ್ಬನಿಗೆ ನೆನೆದಿತ್ತು ಎಂದ ಇನ್ನೊಬ್ಬ. ಗೂಟ ಎದೆಯ ಮೇಲೆ ಕೈ ಕಟ್ಟಿಕೊಂಡು ನಿಂತಿದ್ದ.

"ನಾನು ಸೇದ್ತೀನಿ ಅಂತ ಹಿಂದೆ ಆಡ್ಕೋತೀರಿ, ನಂಗೊತ್ತು," ಎಂದ. "ಸೇದ್ತೀನಿ, ಇಲ್ಲ ಅನ್ನಲ್ಲ. ಅದು ನನ್ನ ಹಿಡಿದಿದ್ರೆ ಕೈ ನಡುಗಬೇಕಿತ್ತು, ಗಂಟು ತಪ್ಪಬೇಕಿತ್ತು. ಹದಿನಾರು ವರ್ಷದಲ್ಲಿ ನನ್ನದೊಂದು ಗಂಟು ಜಾರಿದೆಯಾ? ನಮ್ಮಣ್ಣ ಇಲ್ಲೇ ನಿಂತಿದಾನೆ, ಕೇಳಿ. ದಿನಾ ನನ್ನ ಗಂಟಿಗೆ ಪ್ರಾಣ ಕೊಟ್ಟು ಇಳಿಯೋನು ಅವನು. ಹೇಳಣ್ಣ."

ಎಲ್ಲರೂ ಹಲ್ಲಿಯತ್ತ ತಿರುಗಿದರು. ಮೂರು ವರ್ಷ ತಾನು ಮುಚ್ಚಿಟ್ಟದ್ದು ಏನು ಎಂದು ಅವನಿಗೆ ಅರ್ಥವಾದದ್ದು ಆ ಗಳಿಗೆಯಲ್ಲಿ. ಗೂಟನಿಗೆ ತಾನು ಸರಿಯಾಗಿದ್ದೇನೆ ಎನ್ನಲು ಇದ್ದ ಸಾಕ್ಷಿ ಆ ಗಂಟುಗಳು. ಆ ಸಾಕ್ಷಿಯನ್ನು ಪ್ರತಿದಿನ ಬೆಳಿಗ್ಗೆ ಕೂತು ತಯಾರು ಮಾಡಿಕೊಟ್ಟವನು ಅಣ್ಣ. ಸಿಟ್ಟು ತಮ್ಮನ ಮೇಲೋ, ತನ್ನ ಮೇಲೋ, ಬೇರ್ಪಡಿಸಲು ಆಗಲಿಲ್ಲ. ಬಾಯಿಯ ಹತ್ತಿಯನ್ನು ತೆಗೆದು ಉಗಿದ.

"ಮೊನ್ನೆವರೆಗಿನ ಗಂಟು ನನ್ನವು. ನಿನ್ನೆಯದೊಂದೇ ನಿನ್ನದು."

"ಏನಂದೆ?"

"ನೀನು ಟ್ಯಾಂಕಿನ ಹಿಂದೆ ಕೂತು ಹೊಗೆ ಬಿಡ್ತಿದ್ದಾಗ ನಾನು ಬಿಚ್ಚಿ ಕಟ್ತಿದ್ದೆ. ಮೂರು ವರ್ಷ. ನಿನ್ನ ಗಂಟಿಗೆ ಇಳಿದಿದ್ರೆ ನನ್ನ ಮೂಳೇನೂ ಸಿಗ್ತಿರಲಿಲ್ಲ. ಇನ್ನು ಮೇಲೆ ನಿನ್ನ ಹಗ್ಗಕ್ಕೆ ನಾನು ಇಳಿಯಲ್ಲ. ಇವರ್ಯಾರೂ ಇಳಿಯೋದೂ ಬೇಡ."

ಗೂಟನ ಮುಖ ಸುಣ್ಣದ ಗೋಡೆಯಾಯಿತು. ಆದರೆ ಮೊದಲು ಸಿಡಿದವನು ಅವನಲ್ಲ, ಮೇಸ್ತ್ರಿ.

"ನಿನಗೆ ಗೊತ್ತಿತ್ತು," ಎಂದ ಮೇಸ್ತ್ರಿ, ಬೆರಳನ್ನು ಹಲ್ಲಿಯ ಊದಿದ ಕೆನ್ನೆಯವರೆಗೆ ತಂದು. "ಗೊತ್ತಿದ್ದೂ ಹಲ್ಲು ಕೀಳಿಸೋಕೆ ಹೋದೆ. ಇವತ್ತು ಯಾರೂ ಇಳೀಬೇಡಿ ಅಂತ ಒಂದು ಮಾತು ಫೋನಲ್ಲಿ ಹೇಳೋಕೆ ಏನಾಗಿತ್ತು ನಿನಗೆ? ಉದ್ದಣ್ಣನ ಮಂಡಿ ಇವನು ಒಡೆದಿದ್ದು ಅರ್ಧ, ನೀನು ಒಡೆದಿದ್ದು ಅರ್ಧ. ಹಲ್ಲಿಯಂತೆ ಹಲ್ಲಿ. ಬಾಲ ಕಿತ್ತು ಎಸೆದು ಜೀವ ಉಳಿಸ್ಕೊಳ್ಳೋ ಜಾತಿ."

ಹಲ್ಲಿಗೆ ಅದು ಹೊಳೆದೇ ಇರಲಿಲ್ಲ. ಹಲ್ಲಿನ ನೋವಿನಲ್ಲಿ ಉದ್ದಣ್ಣ ಕೂರುತ್ತಾನೆ ಎಂಬ ಯೋಚನೆ ತಲೆಯ ಹತ್ತಿರವೂ ಸುಳಿದಿರಲಿಲ್ಲ. ಹಾಗೆಂದು ಹೇಳಿದರೆ ಕೇಳುವವರು ಯಾರು, ಕೇಳಬೇಕಾದರೂ ಯಾಕೆ?

"ಮೂರು ವರ್ಷ ನನ್ನ ಬೆನ್ನ ಹಿಂದೆ ನಗ್ತಿದ್ದೆ ನೀನು," ಎಂದ ಗೂಟ. "ಮೊದಲ ದಿನಾನೇ ಕೆನ್ನೆಗೆ ನಾಲ್ಕು ಬಿಗಿದಿದ್ರೆ ಆಗ್ತಿರಲಿಲ್ವಾ?"

ಅವನು ಮೆಟ್ಟಿಲಿಳಿದು ಹೋದ. ಮೇಸ್ತ್ರಿ ಕೂಗಿ ಹೇಳಿದ, ಆಸ್ಪತ್ರೆಯ ಚೀಟಿ ತಂದು ಆರು ತಿಂಗಳು ನೆಟ್ಟಗಿರುವವರೆಗೆ ತಾರಸಿ ಹತ್ತಬಾರದು, ಬೇಕಾದರೆ ಕೆಳಗೆ ಬಣ್ಣ ಕಲೆಸಿಕೊಂಡು ಬಿದ್ದಿರಲಿ.

ಗೂಟ ಆಸ್ಪತ್ರೆಗೆ ಹೋಗಲಿಲ್ಲ. ತಾನೇ ಬಿಟ್ಟು ತೋರಿಸುತ್ತೇನೆ ಎಂದು ಹಟ ಹಿಡಿದ. ಪೊಟ್ಟಣವನ್ನು ಈ ಸಲ ಕಸಕ್ಕೆ ಹಾಕಲಿಲ್ಲ, ಬಚ್ಚಲಿಗೆ ಸುರಿದು ನೀರು ಬಿಟ್ಟ. ಮೊದಲ ದಿನ ನೆಟ್ಟಗಿದ್ದ. ಎರಡನೆಯ ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ತಣ್ಣನೆ ಬೆವರು, ಹಾಸಿಗೆ ಹಿಂಡಿದರೆ ನೀರು. ನಿದ್ದೆ ಹತ್ತಿದರೆ ಕೆಟ್ಟ ಕನಸು, ಹತ್ತದಿದ್ದರೆ ಗೋಡೆಯ ಜೊತೆ ಜಗಳ. ಹೆಂಡತಿ ಪಾತ್ರೆ ಇಟ್ಟ ಸದ್ದಿಗೆ ಪಾತ್ರೆಯನ್ನು ಬೀದಿಗೆ ಎಸೆದ. ಅಣ್ಣನನ್ನು ಕಂಡರೆ ಹಾವು ಮುಂಗುಸಿ. "ದೊಡ್ಡ ಮನುಷ್ಯ ಬಂದ, ಗಂಟು ಕಟ್ಟೋನು. ನನ್ನ ಬಟ್ಟೆ ಗುಂಡೀನೂ ಹಾಕ್ಕೊಡು ಬಾ," ಎನ್ನುತ್ತಿದ್ದ. ಹಲ್ಲಿಯೂ ಬಿಡುತ್ತಿರಲಿಲ್ಲ. "ಸೊಪ್ಪಿಗೆ ಹುಟ್ಟಿದ ಮೇಕೆ," ಎಂದು ಮಹಡಿಯಿಂದಲೇ ಕೂಗುತ್ತಿದ್ದ. ಇಬ್ಬರ ಬೈಗುಳಕ್ಕೆ ಎದುರು ಮನೆಯವರು ಕಿಟಕಿ ಮುಚ್ಚಿಕೊಂಡರು.

ಆರನೆಯ ದಿನ ಮಧ್ಯಾಹ್ನ ಹಲ್ಲಿ ಊಟಕ್ಕೆ ಇಳಿದಾಗ ಗೂಟ ಬಚ್ಚಲ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಬೆರಳ ತುದಿಯಲ್ಲಿ ಮಸಿ, ಅದೇ ವಾಸನೆ. ಎಲ್ಲಿಂದ ತಂದನೋ. ಹೆಂಡತಿ ಗೋಡೆಗೆ ಒರಗಿ ನಿಂತಿದ್ದಳು. ಬೈಯಲು ಹಲ್ಲಿ ಬಾಯಿ ತೆರೆದ. ಅಷ್ಟರಲ್ಲಿ ಗೂಟ, ತಲೆ ಎತ್ತದೆ, ಹೆಂಡತಿಗೆ ಹೇಳಿದ.

"ನನ್ನ ಕೈಲಿ ಆಗ್ತಿಲ್ಲ. ಬೇಡ ಅಂತ ಹೇಳ್ತಾನೇ ಹೋಗಿ ತಂದೆ. ಹಚ್ಚುವಾಗಲೂ ಬೇಡ ಅಂತಲೇ ಹೇಳ್ತಿದ್ದೆ. ಆ ಮೂರನೇ ಮಹಡಿ ಎಷ್ಟು ಹೊತ್ತಿಗೆ ತೆಗೀತಾರೆ?"

"ನಾಳೆ ಒಂಬತ್ತಕ್ಕೆ," ಎಂದಳು ಅವಳು.

ಮೂರನೇ ಮಹಡಿಯಲ್ಲಿ ಒಂದು ಮೇಜು, ಮೂರು ಕುರ್ಚಿ, ಚಾಲು ಇಲ್ಲದ ಫ್ಯಾನು. ಮೇಜಿನ ಹಿಂದೆ ಸಲಹೆ ಹೇಳುವ ಮೇಡಂ. ಐವತ್ತರ ಆಸುಪಾಸು, ಕನ್ನಡಕ ಮೂಗಿನ ತುದಿಗೆ, ದನಿಯಲ್ಲಿ ಬೆಣ್ಣೆ ಹೆಸರಿಗೂ ಇಲ್ಲ. ಗೂಟನ ಹೆಂಡತಿಗೆ ಪಾಳಿ ಇತ್ತು, ಅದಕ್ಕೆ ಹಲ್ಲಿ ಜೊತೆಗೆ ಬಂದಿದ್ದ.

"ದಿನಕ್ಕೆ ಎಷ್ಟು ಸಲ ಸೇದ್ತೀರಿ?" ಎಂದು ಆಕೆ ಗೂಟನನ್ನು ಕೇಳಿದರು.

"ನಾಲ್ಕು," ಎಂದ ಹಲ್ಲಿ.

"ಏಳು," ಎಂದ ಗೂಟ.

"ಕೆಲಸದಲ್ಲಿ ತೊಂದರೆ ಆಗಿದೆಯಾ?"

"ಆಗಿದೆ ಮೇಡಂ, ಮೊನ್ನೆ ಒಬ್ಬ..." ಎಂದು ಹಲ್ಲಿ ಶುರುಮಾಡಿದ.

"ಕಾಯಿಲೆ ಯಾರಿಗೆ?"

"ಇವನಿಗೆ."

"ಬಾಯಿ ಯಾರದು?"

ಆಕೆ ಗೂಟನತ್ತ ತಿರುಗಿ ಇನ್ನೆರಡು ಪ್ರಶ್ನೆ ಕೇಳಿದರು. ಬಿಡಬೇಕು ಅಂದುಕೊಂಡು ಎಷ್ಟು ಸಲ ಸೋತಿದ್ದೀರಿ, ಸೇದಲಿಕ್ಕಾಗಿ ಏನೇನು ಬಿಟ್ಟಿದ್ದೀರಿ. ಎರಡನೆಯದಕ್ಕೆ ಮತ್ತೆ ಹಲ್ಲಿಯೇ ಬಾಯಿ ಹಾಕಿದ. ಮೇಡಂ ಪೆನ್ನು ಕೆಳಗಿಟ್ಟರು.

"ನೀವು ಹೊರಗೆ ಕೂತ್ಕೊಳ್ಳಿ. ಇವರ ಕೆಲಸವನ್ನೆಲ್ಲ ನೀವೇ ಮಾಡ್ಕೊಡೋ ಹಾಗಿದ್ರೆ ಬಿಡೋದನ್ನೂ ನೀವೇ ಬಿಡಬೇಕಾಗುತ್ತೆ. ನಿಮಗೂ ಒಂದು ದಿನ ಕೊಡ್ತೀನಿ, ಬನ್ನಿ. ಮನೆಯವರಿಗೆ ಅಂತ ಬೇರೆ ಕೂಟ ಇದೆ."

"ನಾನೇನು ಸೇದ್ತೀನಾ?"

"ಅದಕ್ಕೇ ಬೇರೆ ದಿನ ಅಂದಿದ್ದು."

ಹಲ್ಲಿ ಹೊರಗಿನ ಬೆಂಚಿನ ಮೇಲೆ ಕಾದ ಹೆಂಚಿನ ಮೇಲೆ ಕೂತವನಂತೆ ಕೂತ. ಹೆತ್ತಪ್ಪ ಸತ್ತ ಮೇಲೆ ಇವನನ್ನು ಸಾಕಿದ್ದು ಯಾರು, ಕೆಲಸಕ್ಕೆ ಹಚ್ಚಿದ್ದು ಯಾರು? ನಾಯಿಗೆ ಹೇಳಿದ ಹಾಗೆ ಹೊರಗೆ ಹೋಗು ಎಂದಳಲ್ಲ. ಮುಚ್ಚಿದ ಬಾಗಿಲಿನ ಒಳಗಿಂದ ಒಂದು ಅಕ್ಷರವೂ ಕೇಳಿಸುತ್ತಿರಲಿಲ್ಲ. ಮುಕ್ಕಾಲು ಗಂಟೆ ಕಳೆದು ಗೂಟ ಬಂದ, ಕಣ್ಣು ಊದಿತ್ತು, ಕೈಯಲ್ಲಿ ಚೀಟಿ. ಹಲ್ಲಿಯ ಕೈ ತಾನಾಗಿ ಚೀಟಿಗೆ ಹೋಯಿತು. ಗೂಟ ಅದನ್ನು ನಾಲ್ಕಾಗಿ ಮಡಿಸಿ ತನ್ನ ಜೇಬಿಗೆ ಹಾಕಿಕೊಂಡ.

"ಇದಕ್ಕೆ ಅಂತ ಮಾತ್ರೆ ಇಲ್ಲವಂತೆ. ಈ ಬೆವರು, ನಿದ್ದೆ ಇಲ್ಲದ್ದು, ಸಿಟ್ಟು, ಇದೆಲ್ಲ ಬಿಟ್ಟಾಗ ಬರೋದೇ ಅಂತೆ. ಎರಡು ಮೂರು ವಾರಕ್ಕೆ ತಗ್ಗುತ್ತಂತೆ. ವಾರಕ್ಕೊಂದು ಸಲ ಬಂದು ಮಾತಾಡಬೇಕು. ಗುರುವಾರ ನಾಲ್ಕೂವರೆಗೆ."

"ನಾನೂ ಬರ್ತೀನಿ."

"ಬೇಡ."

"ತಪ್ಪಿಸಿದ್ರೆ?"

"ತಪ್ಪಿಸಿದ್ರೆ ತಪ್ಪಿಸಿದವನು ನಾನು."

ಹಾಗೆ ಮೂರು ಗುರುವಾರ ಹೋದ. ನಾಲ್ಕನೆಯ ವಾರದ ನಡುವೆ ಒಂದು ದಿನ ಸೇದಿದ. ಅದನ್ನು ಮೊದಲು ಮೇಡಂಗೆ ಫೋನು ಮಾಡಿ ಹೇಳಿದ, ಆಮೇಲೆ ಹೆಂಡತಿಗೆ. ಅಣ್ಣನಿಗೆ ಹೇಳಲೇ ಇಲ್ಲ. ಹಲ್ಲಿಗೆ ಅದು ಅವಳ ಬಾಯಿಂದ ಗೊತ್ತಾಗಿ, ಸೇದಿದ್ದಕ್ಕಿಂತ ಹೇಳದೆ ಇದ್ದದ್ದಕ್ಕೆ ಹೆಚ್ಚು ಉರಿಯಿತು. ಉದ್ದಣ್ಣನನ್ನು ನೋಡಲು ಇಬ್ಬರೂ ಹೋದರು, ಬೇರೆ ಬೇರೆ ದಿನ. ಅವನು ಗೂಟನಿಗೆ ಬಾಗಿಲು ತೆಗೆಸಿದ. ಹಲ್ಲಿಗೆ ತೆಗೆಸಲಿಲ್ಲ. ಮನೆಯವರ ಕೂಟಕ್ಕೆ ಹಲ್ಲಿ ಇನ್ನೂ ಹೋಗಿರಲಿಲ್ಲ.

ಮುಂದಿನ ಗುರುವಾರ ಹಲ್ಲಿ ಆರನೇ ಮಹಡಿಯ ಎತ್ತರದಲ್ಲಿ ಬೇರೆಯವನ ಹಗ್ಗಕ್ಕೆ ನೇತಾಡುತ್ತಿದ್ದ. ಅಲ್ಲಿಂದ ಬೀದಿಯೆಲ್ಲ ಅಂಗೈಯ ಹಾಗೆ ಕಾಣುತ್ತದೆ. ಕೆಳಗೆ ಬಣ್ಣ ಕಲೆಸುತ್ತಿದ್ದ ಗೂಟ ನಾಲ್ಕು ಗಂಟೆಗೆ ಕೈ ತೊಳೆದ. ತೊಳೆದವನು ಹೊರಡಲಿಲ್ಲ, ಡಬ್ಬಿಯೊಂದನ್ನು ಬೋರಲು ಹಾಕಿ ಕೂತುಬಿಟ್ಟ. ಐದು ನಿಮಿಷ, ಹತ್ತು ನಿಮಿಷ. ಎದ್ದೇಳೋ ದರಿದ್ರದವನೇ ಎಂದು ಹಲ್ಲಿ ಹಲ್ಲು ಕಚ್ಚಿದ. ಕೂಗಿದರೆ ಕೇಳಿಸುವಷ್ಟೇ ದೂರ. ಕೊನೆಗೂ ಎದ್ದ ಗೂಟ ಕಾಲೆಳೆದುಕೊಂಡು ಬಸ್ ನಿಲ್ದಾಣದತ್ತ ನಡೆದ. ಅವನು ಇನ್ನೂ ಇಪ್ಪತ್ತು ಹೆಜ್ಜೆ ದೂರದಲ್ಲಿದ್ದಾಗ ಬಸ್ಸು ಬಂತು, ನಿಂತಿತು, ಹೋಯಿತು. ಅವನು ಓಡಲೂ ಇಲ್ಲ.

ಇಳಿದು ಹೋಗಿ ಆಟೋ ಹಿಡಿದು ಕತ್ತಿನ ಪಟ್ಟಿ ಹಿಡಿದು ತಳ್ಳಿಕೊಂಡು ಹೋದರೆ ಇನ್ನೂ ಹೊತ್ತು ಮೀರಿಲ್ಲ. ಹಲ್ಲಿಯ ಕೈ ಹಲಗೆ ಇಳಿಸುವ ಹಗ್ಗಕ್ಕೆ ಹೋಯಿತು, ಅಲ್ಲೇ ಬಿಗಿದು ನಿಂತಿತು. ನಿಲ್ದಾಣದಲ್ಲಿ ಗೂಟ ಒಬ್ಬನೇ ನಿಂತಿದ್ದ. ಎಡಕ್ಕೆ ಹೋದರೆ ಅವನು ಸೊಪ್ಪು ತರುತ್ತಿದ್ದ ಗಲ್ಲಿ, ಅದನ್ನೂ ಹಲ್ಲಿ ಬಲ್ಲ. ಗೂಟ ಜೇಬಿನಿಂದ ಚೀಟಿಯಂಥದ್ದೇನೋ ತೆಗೆದು ನೋಡಿದ, ಮತ್ತೆ ಜೇಬಿಗೆ ಹಾಕಿದ. ಆಮೇಲೆ ಬಲಕ್ಕೆ ತಿರುಗಿ, ಆಸ್ಪತ್ರೆಯ ರಸ್ತೆಯಲ್ಲಿ ನಡೆಯತೊಡಗಿದ, ಮೊದಲು ಮೆಲ್ಲಗೆ, ಆಮೇಲೆ ಬೇಗ ಬೇಗ. ತಡವಾಗಿಯೇ ಮುಟ್ಟುತ್ತಾನೆ, ಆ ಕನ್ನಡಕದವಳು ಬೈದೇ ಬೈಯುತ್ತಾಳೆ.

"ಏನಣ್ಣಾ, ಹಗ್ಗ ಸಡಿಲಿಸ್ಲಾ?" ಎಂದು ತಾರಸಿಯಿಂದ ಕೂಗಿದ ಹೊಸ ಕಾವಲಿನವನು.

"ಬಾಯಿ ಮುಚ್ಕೊಂಡು ನಿಂತ್ಕೋ," ಎಂದ ಹಲ್ಲಿ. ತಿರುವಿನಲ್ಲಿ ತಮ್ಮನ ಬೆನ್ನು ಮರೆಯಾಗುವವರೆಗೆ ಅವನು ಬ್ರಷ್ಷು ಎತ್ತಲಿಲ್ಲ. ಬಳಿದಿದ್ದ ಬಣ್ಣ ಅಷ್ಟರಲ್ಲಿ ಅರ್ಧಕ್ಕೇ ಒಣಗಿ ಗೋಡೆಯ ಮೇಲೆ ಗೆರೆ ಬಿದ್ದಿತ್ತು. ಬೈದುಕೊಳ್ಳುತ್ತ ಅದನ್ನು ಮೊದಲಿನಿಂದ ಬಳಿಯತೊಡಗಿದ.